ಹೆಂಡತಿ ಮಕ್ಕಳೇ ಜಾಮೀನು

ಕಮ್ಯುನಿಸ್ಟ್ ದೇಶಗಳಲ್ಲಿ ನೌಕರಿ ಎಷ್ಟು ಭದ್ರ ಗೊತ್ತಾ, ಅನ್ನುವ ಮಾತನ್ನು ನಮ್ಮ ಯೂನಿಯನ್ ಗೆಳೆಯರಿಂದ ಮುಂಬೈಗೆ ಬಂದಾಗಿನಿಂದ ಕೇಳುತ್ತಲೇ ಇದ್ದೇನೆ. ಅಲ್ಲಿನ ಪೈಲಟ್‌ಗಳ ಕಥೆಯನ್ನೂ ಸ್ವಲ್ಪ ಕೇಳಿ.

ಎರಡನೇ ಮಹಾಯುದ್ಧದಲ್ಲಿ ಚೆಕೊಸ್ಲೊವಾಕಿಯಾದ ಸುಮಾರು 2,500 ಜನ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸೇರಿ ಹಿಟ್ಲರನ ವಿರುದ್ಧ ಹೋರಾಡಿದರು. ಯುದ್ಧ ಮುಗಿದ ಮೇಲೆ ಕೆಲವರು ತಮ್ಮ ದೇಶದ ಸರ್ಕಾರಿ ಏರ್‌ಲೈನ್ಸ್‌ನಲ್ಲಿ ಪೈಲಟ್ ಆದರು. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದದ್ದೇ ತಡ, ಎದೆಯ ಮೇಲಿನ ಪದಕವೇ ಅಪರಾಧವಾಯಿತು. ಬ್ರಿಟಿಷರ ಜೊತೆ ಇದ್ದವರಲ್ಲವೇ? ಎಷ್ಟೋ ಜನ ಕೆಲಸ ಕಳೆದುಕೊಂಡರು, ಕೆಲವರು ಜೈಲಿಗೆ ಹೋದರು.

1950ರ ಮಾರ್ಚ್ 24ರಂದು ಬ್ರ್ನೋ, ಒಸ್ಟ್ರಾವಾ, ಬ್ರಾಟಿಸ್ಲಾವಾದಿಂದ ಪ್ರಾಗ್‌ಗೆ ಹೊರಟ ಮೂರು ಡಕೋಟಾಗಳು ಪ್ರಾಗ್ ತಲುಪಲೇ ಇಲ್ಲ. ಮ್ಯೂನಿಕ್ ಹತ್ತಿರದ ಎರ್ಡಿಂಗ್‌ನಲ್ಲಿ, ಅಮೆರಿಕನ್ನರ ವಾಯುನೆಲೆಯಲ್ಲಿ ಇಳಿದವು. ಹೀಗೆ ಓಡಿಬಂದವರಲ್ಲಿ ಓಲ್ಡ್ರಿಖ್ ಡೊಲೆಜಾಲ್ ಒಬ್ಬರು. 1943ರಲ್ಲಿ ಜರ್ಮನಿಯ 'ಆಲ್ಸ್ಟರುಫರ್' ಹಡಗನ್ನು ಮುಳುಗಿಸಿದ ಲಿಬರೇಟರ್ ವಿಮಾನದ ಕ್ಯಾಪ್ಟನ್ ಅವರೇ. 1982ರ ಫೆಬ್ರವರಿಯಲ್ಲಿ, ಮಾರ್ಷಲ್ ಲಾ ಇದ್ದಾಗ, ಪೋಲೆಂಡಿನ ಕ್ಯಾಪ್ಟನ್ ಒಬ್ಬರು ಮನೆಯವರನ್ನೂ ಕೂರಿಸಿಕೊಂಡು ಪಶ್ಚಿಮ ಬರ್ಲಿನ್‌ಗೆ ಹಾರಿದರು.

ಮನೆಯವರು ಯಾಕೆ ಅಂತೀರಾ? ಸಾಲ ಕೊಡುವಾಗ ನಾವು ಮನೆ ಪತ್ರ ಇಟ್ಟುಕೊಳ್ಳುತ್ತೇವೆ. ಅಲ್ಲಿ ವಿದೇಶಕ್ಕೆ ಹಾರುವ ಪೈಲಟ್‌ಗೆ ಊರಲ್ಲಿ ಉಳಿದ ಹೆಂಡತಿ ಮಕ್ಕಳೇ ಜಾಮೀನು!

ಇದರಲ್ಲಿ ಇನ್ನೊಂದು ಮುಖವೂ ಇದೆ. ಆ ಮೂರು ಡಕೋಟಾಗಳಲ್ಲಿದ್ದ ಹೆಚ್ಚಿನ ಪ್ರಯಾಣಿಕರಿಗೆ ವಿಷಯವೇ ಗೊತ್ತಿರಲಿಲ್ಲ; ಬಹುಪಾಲು ಜನ ವಾಪಸ್ ಹೋದರು. ಟಿಕೆಟ್ ಕೊಂಡವರನ್ನು ಕೇಳದೆ ಬೇರೆ ದೇಶದಲ್ಲಿ ಇಳಿಸಿದ್ದು ಸರಿ ಅಂತ ನಾನು ಹೇಳಲಾರೆ. ಆದರೆ ಬಾಗಿಲಿಗೆಲ್ಲ ಬೀಗ ಹಾಕಿದವರು, ಕಿಟಕಿ ಒಡೆದವನನ್ನು ಮಾತ್ರ ಕಳ್ಳ ಅನ್ನುವುದು ಯಾವ ನ್ಯಾಯ?

ಸರ್ಕಾರಿ ಒಡೆತನವೇ ಕೆಟ್ಟದ್ದು ಅಂತ ನನ್ನ ವಾದವಲ್ಲ. 1969ರ ಬ್ಯಾಂಕ್ ರಾಷ್ಟ್ರೀಕರಣದ ಅನ್ನ ತಿಂದವನು ನಾನು. ನಮ್ಮ ಏರ್ ಇಂಡಿಯಾ ಕೂಡ 1953ರಿಂದ 2022ರ ಜನವರಿವರೆಗೆ ಸರ್ಕಾರದ್ದೇ ಆಗಿತ್ತು. ಅದರ ಪೈಲಟ್‌ಗಳು ಸ್ಟ್ರೈಕ್ ಮಾಡಿದರು, ಬೇಸರವಾದರೆ ರಾಜೀನಾಮೆ ಕೊಟ್ಟು ಬೇರೆ ಕಂಪನಿ ಸೇರಿದರು. ಅದಕ್ಕಾಗಿ ಯಾರೂ ವಿಮಾನ ಸಮೇತ ಗಡಿ ದಾಟಬೇಕಾಗಲಿಲ್ಲ.

ನೌಕರಿಯ ಭದ್ರತೆ ಬೇಕು, ಒಪ್ಪಿದೆ. ರಾಜೀನಾಮೆ ಪತ್ರ ಬರೆಯುವ ಹಕ್ಕೂ ಅದರ ಜೊತೆಗೇ ಇರಬೇಕು. ಅದಿಲ್ಲದಿದ್ದರೆ ಅದು ಭದ್ರತೆ ಅಲ್ಲ ಸ್ವಾಮಿ, ಬಂದೋಬಸ್ತು. ನೀವೇನಂತೀರಿ?