ಅಜ್ಜನ ಬಂದೂಕು, ಅರ್ಧ ಕಥೆ

"ಅಜ್ಜನ ಬಂದೂಕು ಕೊಟ್ಟರೆ ಅಜ್ಜನನ್ನೇ ಕೊಟ್ಟಂತೆ." ತಂದೆಯವರು ತೀರಿಕೊಂಡ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಟ್ಟಿಯಾಗಿ ಹೇಳುವವರು ತಾಂಡೂರಿನ ನಮ್ಮ ಬಳಗದವರು. ಅವರಲ್ಲಿ ಒಬ್ಬರೂ ಆ ಬಂದೂಕಿಗೆ ಎಣ್ಣೆ ಹಾಕಿದವರಲ್ಲ, ಪರವಾನಗಿಯ ನವೀಕರಣಕ್ಕೆ ಸಾಲಿನಲ್ಲಿ ನಿಂತವರಲ್ಲ. ಆದರೂ ಭಾವನೆಯ ವಿಷಯ ಬಂದಾಗ ಅವರದೇ ದೊಡ್ಡ ಧ್ವನಿ. ನಾನು ಕೊಡಬೇಕೆಂಬ ಪಕ್ಷದವನು. ಯಾಕೆಂಬುದನ್ನು ಬರೆದೇ ಹೇಳುತ್ತೇನೆ. ಬಾಯಿಂದ ಹೇಳಿದರೆ ಅರ್ಧಕ್ಕೇ ತಡೆಯುತ್ತಾರೆ.

ಕಾಸರಗೋಡಿನ ಓದುಗರಿಗೆ ನಮ್ಮ ಊರುಗಳ ಪರಿಚಯ ಕಡಿಮೆ ಇದ್ದೀತು. ನಿಮ್ಮ ತಾಲೂಕನ್ನು ಕೇರಳಕ್ಕೆ ಸೇರಿಸಿದ 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯೇ ಬೀದರ್ ಜಿಲ್ಲೆಯ ನಾರಾಯಣಖೇಡವನ್ನೂ, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದನ್ನೂ, ಗುಲಬರ್ಗಾ ಜಿಲ್ಲೆಯ ತಾಂಡೂರನ್ನೂ ಆಂಧ್ರಕ್ಕೆ ಕೊಟ್ಟಿತು. ಒಂದೇ ಕತ್ತರಿಯಲ್ಲಿ ಕತ್ತರಿಸಿದ ಬಟ್ಟೆಯ ತುಂಡುಗಳು ನಾವು. ನೀವು ಕೋವಿ ಎನ್ನುತ್ತೀರಿ, ನಾವು ಬಂದೂಕು ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ನಮ್ಮದು ಎರಡು ನಳಿಗೆಯ 12 ಬೋರಿನ ಬಂದೂಕು, ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ನಾರಾಯಣಖೇಡದ ಹತ್ತಿರದ ನಮ್ಮ ಹಳ್ಳಿಯ ಪಡಸಾಲೆಯಲ್ಲಿ ಗೂಟಕ್ಕೆ ತೂಗಿಕೊಂಡೇ ಅದು ಬೀದರ್, ಮೆದಕ್, 2016ರಿಂದ ಸಂಗಾರೆಡ್ಡಿ ಎಂದು ಮೂರು ಜಿಲ್ಲೆ ಕಂಡಿತು. ಹೈದರಾಬಾದ್, ಆಂಧ್ರಪ್ರದೇಶ, 2014ರಿಂದ ತೆಲಂಗಾಣ ಎಂದು ಮೂರು ರಾಜ್ಯ ಕಂಡಿತು. ಮೊದಲ ಪರವಾನಗಿ ಕಾಗದ ಉರ್ದುವಿನಲ್ಲಿದೆ. ಆಮೇಲಿನ ಮೊಹರುಗಳು ಇಂಗ್ಲಿಷಿನಲ್ಲಿ, ಕೊನೆಯವು ತೆಲುಗಿನಲ್ಲಿ.

ಈಗ ಬಳಗದವರ ಅತಿ ಗಟ್ಟಿ ವಾದವನ್ನು ಎತ್ತಿಕೊಳ್ಳೋಣ. "ಜಿಲ್ಲೆ ಹೋಯಿತು, ಶಾಲೆಯಲ್ಲಿ ಕನ್ನಡ ಹೋಯಿತು, ಮಕ್ಕಳು ಮನೆಯಲ್ಲೂ ತೆಲುಗು ಮಾತಾಡುತ್ತಾರೆ. ನಾವು ಇಲ್ಲಿಯವರೇ ಎಂಬುದಕ್ಕೆ ಇದೊಂದು ಗುರುತು ಉಳಿದಿದೆ, ಅದನ್ನೂ ಕಳೆಯುತ್ತೀಯಾ?" ಈ ಮಾತಿನಲ್ಲಿರುವ ನೋವು ಸುಳ್ಳಲ್ಲ, ನನಗೂ ಅದು ಗೊತ್ತು. ಆದರೆ ಆ ಗುರುತಿನಲ್ಲಿ ಕನ್ನಡ ಎಲ್ಲಿದೆ? ಕಬ್ಬಿಣ ಇಂಗ್ಲೆಂಡಿನದು, ಕಾಗದ ಮೂರು ಬೇರೆ ಭಾಷೆಯದು. ಕನ್ನಡದಲ್ಲಿರುವುದು ಅದರ ಸುತ್ತ ನಾವು ಹೇಳಿಕೊಂಡು ಬಂದ ಕಥೆ ಮಾತ್ರ.

ಕೊಡವರನ್ನು ನೋಡಿ ಎನ್ನುವವರೂ ಇದ್ದಾರೆ. ನೋಡೋಣ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿ ಅಲ್ಲಿ ಒಂದು ಸಮುದಾಯದ ಬಾಳಿನೊಳಗೆ ಕೆಲಸ ಮಾಡುವ ವಸ್ತು. ನಮ್ಮ ಬಂದೂಕಿಗೆ ಆಯುಧಪೂಜೆಯ ದಿನ ಒಂದು ಚಿಟಿಕೆ ಕುಂಕುಮ ಬಿಟ್ಟರೆ ಇನ್ನೇನಿದೆ? ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಶೀದಿ ತರುವುದು, ಮುಗಿದ ಮೇಲೆ ತಿರುಗಿ ತರುವುದು, ಇದೇ ನಮ್ಮ ಮನೆಯ ಆಚರಣೆ ಎನ್ನಬೇಕು! ಅನ್ಯರ ಹಬ್ಬವನ್ನು ತೋರಿಸಿ ನಮ್ಮ ಹಟಕ್ಕೆ ಬೆಲೆ ಕಟ್ಟಬಾರದು.

ಹಾಗಾದರೆ ಕಥೆ. ನಮ್ಮ ಮನೆಯ ಕಥೆ ಹೀಗಿದೆ: ರಜಾಕಾರರ ಹಾವಳಿಯ ಕಾಲದಲ್ಲಿ ಅಜ್ಜ ಈ ಬಂದೂಕು ಹಿಡಿದು ಊರ ಅಗಸೆಯಲ್ಲಿ ರಾತ್ರಿಯೆಲ್ಲ ಕೂತಿದ್ದ, ಊರು ಉಳಿಯಿತು. ಇದನ್ನು ನಾನು ನಂಬುತ್ತೇನೆ. 1948ರ ಮೇ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕಗ್ಗೊಲೆಯನ್ನು ಕೇಳಿದ ಯಾವ ಹಳ್ಳಿ ನಿದ್ದೆ ಮಾಡೀತು? ಅಗಸೆಯಲ್ಲಿ ಕೂತವನು ಕೂರಲೇಬೇಕಿತ್ತು.

ಆದರೆ ಕಥೆ ಆ ವರ್ಷದ ಸೆಪ್ಟೆಂಬರ್ 17ಕ್ಕೆ ನಿಂತುಬಿಡುತ್ತದೆ. ಭಾರತದ ಸೈನ್ಯ ಬಂತು, ನಿಜಾಮ ಶರಣಾದ, ಬಂದೂಕು ಗೂಟಕ್ಕೇರಿತು, ಶುಭಂ. ಆಮೇಲಿನ ವಾರಗಳಲ್ಲಿ ಏನಾಯಿತು? ನೆಹರೂ ಕಳುಹಿಸಿದ ಪಂಡಿತ ಸುಂದರಲಾಲ ಮತ್ತು ಕಾಜಿ ಅಬ್ದುಲ್ ಗಫಾರರ ತಂಡ ಅದೇ ವರ್ಷದ ಕೊನೆಗೆ ಹಳ್ಳಿ ಹಳ್ಳಿ ತಿರುಗಿ ವರದಿ ಕೊಟ್ಟಿತು. ಇಡೀ ಸಂಸ್ಥಾನದಲ್ಲಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ ಎಂಬುದು ಅದರ ಅಂದಾಜು, ಸತ್ತವರು ಮುಸಲ್ಮಾನರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ. ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ನಾರಾಯಣಖೇಡ, ಜಹೀರಾಬಾದು ಆಗ ಬೀದರಿನಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿ. ಅಂದರೆ ನನ್ನ ಹಳ್ಳಿ, ನನ್ನ ಬ್ಯಾಂಕಿನ ಊರು, ನನ್ನ ಬಳಗದವರ ಊರು ಮೂರೂ ಆ ನಾಲ್ಕರೊಳಗಿನ ಎರಡು ಜಿಲ್ಲೆಗಳಲ್ಲಿ.

ಅಜ್ಜ ಆ ವಾರಗಳಲ್ಲಿ ಏನು ಮಾಡಿದ? ಯಾರನ್ನಾದರೂ ಅಟ್ಟದ ಮೇಲೆ ಬಚ್ಚಿಟ್ಟು ಕಾಪಾಡಿದನೋ, ಬಾಗಿಲು ಹಾಕಿ ಕೂತನೋ, ಬೇರೆ ಏನೋ. ಅಜ್ಜಿಯನ್ನು ಕೇಳಿದಾಗ ಅವಳು ಹೇಳಿದ್ದು ಒಂದೇ ಮಾತು: "ಆಮ್ಯಾಗಿಂದು ಕೇಳಬ್ಯಾಡಪ್ಪಾ." ನಾನು ಅಜ್ಜನ ಮೇಲೆ ಆರೋಪ ಹೊರಿಸುತ್ತಿಲ್ಲ. ಗೂಟದ ಮೇಲಿನ ಬಂದೂಕು ನಮಗೆ ಸೆಪ್ಟೆಂಬರ್ 17ರ ತನಕದ ಕಥೆ ಹೇಳಿ ಬಾಯಿ ಮುಚ್ಚಿಸುತ್ತದೆ ಎನ್ನುತ್ತಿದ್ದೇನೆ. ಅದನ್ನು ತೋರಿಸಿದ ಕೂಡಲೇ ಮುಂದಿನ ಪ್ರಶ್ನೆ ಕೇಳುವವನು ಮನೆಮುರುಕನಾಗುತ್ತಾನೆ. ನಮ್ಮ ಓಣಿಯಲ್ಲೇ ಆ ವಾರಗಳನ್ನು ನೆನೆದು ಸುಮ್ಮನಾಗುವ ಮನೆಗಳಿವೆ; ಅವರ ಗೋಡೆಯ ಮೇಲೆ ತೂಗಿಸಲು ಏನೂ ಇಲ್ಲ.

ಇಡಲೇಬೇಕು ಎನ್ನುವವರು ಕಾನೂನನ್ನಾದರೂ ಓದಲಿ. 2016ರ ನಿಯಮದಂತೆ ಪರವಾನಗಿದಾರ ತೀರಿಕೊಂಡ ಮೇಲೆ ವಾರಸುದಾರ ತನ್ನ ಹೆಸರಿಗೆ ಪರವಾನಗಿ ಕೇಳಬಹುದು. ಬದುಕಿದ್ದಾಗಲೇ ಕೊಡುವುದಿದ್ದರೆ ಎಪ್ಪತ್ತು ವರ್ಷ ತುಂಬಿರಬೇಕು, ಇಲ್ಲವೇ ಬಂದೂಕು ಕೈಯಲ್ಲಿ ಇಪ್ಪತ್ತೈದು ವರ್ಷ ಇದ್ದಿರಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ. ಪಿತ್ರಾರ್ಜಿತ ಎಂದು ಮೂರನೆಯದಕ್ಕೆ ರಿಯಾಯಿತಿ ಇಲ್ಲ. ಪರವಾನಗಿ ಇಲ್ಲದ ಮೇಲೆ ತಡಮಾಡದೆ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ಅಲ್ಲಿಂದಲೇ ಅರ್ಹರಿಗೆ ಮಾರಿ ಹಣ ಪಡೆಯಬಹುದು, ಅವಧಿ ಮೀರಿದರೆ ಸರಕಾರದ ಪಾಲು. "ಹೊಲದ ಮನೆಯ ಅಟ್ಟದಲ್ಲಿ ಇಟ್ಟರೆ ಯಾರು ನೋಡ್ತಾರ" ಎಂದವರಿಗೆ ನನ್ನ ಉತ್ತರ: ಅದು ಆಸ್ತಿಯಲ್ಲ, ಜೈಲಿನ ದಾರಿ. ಬ್ಯಾಂಕಿನಲ್ಲಿರುವವನಲ್ಲವೇ, "ಲಾಕರಿನಲ್ಲಿಡು" ಎಂದವರೂ ಉಂಟು. ಲಾಕರಿನ ಕರಾರು ಪತ್ರದಲ್ಲಿ ಆಯುಧಕ್ಕೆ ನಿಷೇಧವಿದೆ. ಸಹಿ ಹಾಕುವಾಗ ಯಾರೂ ಓದುವುದಿಲ್ಲ, ಅದು ಬೇರೆ ಮಾತು. ದುರಸ್ತಿ ಮಾಡಿದರೂ ಸಿಡಿಯಲಾರದ ಹಳೆಯ ಆಯುಧಕ್ಕೆ ಕಾಯಿದೆ ಅನ್ವಯಿಸುವುದಿಲ್ಲ, ಆದ್ದರಿಂದ ಅದನ್ನು ನಿರ್ಜೀವ ಮಾಡಿಸಿ ಗೋಡೆಗೆ ತೂಗಿಸು ಎಂದ ಒಬ್ಬ ವಕೀಲರ ಸಲಹೆ ಇವೆಲ್ಲಕ್ಕಿಂತ ಜಾಣತನದ್ದು. ಆದರೆ ಹಾಗೆ ಮಾಡಿದರೆ ಸಿಡಿಯುವ ಬಂದೂಕು ಹೋಗಿ ಅರ್ಧ ಕಥೆ ಮಾತ್ರ ಶಾಶ್ವತವಾಗಿ ಉಳಿಯುತ್ತದೆ. ಅದು ನನಗೆ ಬೇಡ.

ತಾಂಡೂರಿನ ಸೋದರಳಿಯನ ಯೋಜನೆ ಇದಕ್ಕೂ ಸೊಗಸು. ಹೊರದೇಶದ ಬಂದೂಕನ್ನು ಖಾಸಗಿಯಾಗಿ ತರಿಸುವುದು ಎಂಬತ್ತರ ದಶಕದಲ್ಲಿ ಬಿಗಿಯಾದದ್ದರಿಂದ ಹಳೆಯ ಇಂಗ್ಲಿಷ್ ಮಾಲಿಗೆ ಗಿರಾಕಿ ಇದೆ. ಅದನ್ನು ವ್ಯಾಪಾರಿಗೆ ಕೊಟ್ಟು, ತನ್ನ ಹೆಸರಿಗೆ ಪರವಾನಗಿ ಮಾಡಿಸಿಕೊಂಡು, ಬದಲಿಗೆ ಹೊಸ ಪಿಸ್ತೂಲು ತರಬೇಕಂತೆ. ಅಜ್ಜನನ್ನು ಮಾರಬಾರದೆಂದು ಕೂಗಿದ ಮನೆಯವನೇ ಅಜ್ಜನನ್ನು ಅದಲುಬದಲು ಮಾಡಲು ಹೊರಟಿದ್ದಾನೆ! ಅವನಿಗೆ ಯಾರ ಭಯ? ಕಲ್ಲಿನ ವ್ಯಾಪಾರದಲ್ಲಿ ಸೊಂಟಕ್ಕೆ ಪಿಸ್ತೂಲಿದ್ದರೆ ಜನ ಮರ್ಯಾದೆ ಕೊಡುತ್ತಾರಂತೆ. ಯಾಕೆ ಬೇಕೆಂಬ ಕಾರಣ ತೋರಿಸಿ ಅವನೇ ಅರ್ಜಿ ಹಾಕಲಿ. ಅಜ್ಜನ ಹೆಸರು ಅದರಲ್ಲಿ ಬೇಡ.

ನಾನು ಬಂದೂಕನ್ನು ಪರವಾನಗಿ ಇರುವ ವ್ಯಾಪಾರಿಯ ಬಳಿ ಇರಿಸಿದ್ದೇನೆ. ಬೆಳೆ ಕಾಯಲು ಪರವಾನಗಿ ಪಡೆದ ರೈತರೊಬ್ಬರು ಕೊಳ್ಳುತ್ತಾರೆ. ಅವರ ಹೆಸರು ವಿಳಾಸ ಬರೆದು ಕೊಟ್ಟಾಗಿದೆ. ಕಾಯಿದೆಯಂತೆ 45 ದಿನ ಕಾಯಬೇಕು. ಹಣ ಮೂರು ಪಾಲಾಗುತ್ತದೆ, ತಾಂಡೂರಿಗೂ ಒಂದು ಪಾಲು ಹೋಗುತ್ತದೆ.

ಉರ್ದು ಕಾಗದವನ್ನು ನಾನು ಇಟ್ಟುಕೊಂಡೆ. ಓದಲು ಬಾರದ್ದರಿಂದ ಜಹೀರಾಬಾದಿನ ಒಬ್ಬ ನಿವೃತ್ತ ಉರ್ದು ಮೇಷ್ಟ್ರ ಬಳಿಗೆ ಒಯ್ದೆ. ಓದಿ ಹೇಳಿ, ಕನ್ನಡಕ ತೆಗೆದು, ಯಾವ ಊರಿನದು ಎಂದು ಕೇಳಿದರು. ಹೇಳಿದೆ. 1948ರಲ್ಲಿ ಅವರಿಗೆ ಏಳು ವರ್ಷ. ಆಮೇಲೆ ಕನ್ನಡದಲ್ಲೇ, ನಮ್ಮ ಅಜ್ಜಿಯ ಕನ್ನಡದಲ್ಲೇ, ಒಂದು ತಾಸು ಮಾತಾಡಿದರು. ಬರೆದುಕೊಂಡಿದ್ದೇನೆ, ಇನ್ನೂ ಇದೆಯಂತೆ, ಬರುವ ಭಾನುವಾರ ಮತ್ತೆ ಬಾ ಎಂದಿದ್ದಾರೆ.