ಚಳಿ ಕಳೆದ ಮೇಲೆ ಊಟದ ಲೆಕ್ಕ

ಶಿವರಾತ್ರಿಗೆ ಚಳಿಯು ‘ಶಿವ ಶಿವ’ ಎನ್ನುತ್ತ ಓಡಿಹೋಗುವುದೆಂದು ಹಿರಿಯರ ಮಾತು. ಚಳಿಯೇನೋ ಹೋಗುತ್ತದೆ, ಚಳಿಗಾಲದಲ್ಲಿ ರೂಢಿಯಾದ ಊಟ ಮಾತ್ರ ಹೋಗುವುದಿಲ್ಲ. ಹಿದುಕಿದ ಬೇಳೆಯ ಸಾರಿನೊಡನೆ ಎರಡು ಮುದ್ದೆ, ಸಂಜೆಗೆ ಬಿಸಿ ಬೋಂಡ, ಇವುಗಳ ಅಭ್ಯಾಸ ಪರೀಕ್ಷೆಯ ಮಾರ್ಚ್ ತಿಂಗಳಿನವರೆಗೂ ನಡೆದುಬರುತ್ತದೆ. ವಿದ್ಯಾರ್ಥಿಗಳಿಗಾದರೋ ಆ ವೇಳೆಗೆ ಓದಿನ ನೆವದಲ್ಲಿ ಆಟ ನಿಂತಿರುತ್ತದೆ, ನಿದ್ರೆ ಕುಗ್ಗಿರುತ್ತದೆ, ಕಾಫಿ ಹೆಚ್ಚಿರುತ್ತದೆ. ಈ ಕಾಲದಲ್ಲಿ ಊಟವನ್ನು ಹಗುರ ಮಾಡಿಕೊಳ್ಳಬೇಕೆಂಬುದಕ್ಕೆ ವೈದ್ಯರು ಕೊಡುವ ಕಾರಣಗಳು ಹಲವು. ಭೌತವಿಜ್ಞಾನವನ್ನು ಬೋಧಿಸುವ ನಾನು ಶಾಖದ ಲೆಕ್ಕವೊಂದನ್ನು ಮಾತ್ರ ಓದುಗರ ಮುಂದಿಡುತ್ತೇನೆ.

1782–83ರ ಚಳಿಗಾಲದಲ್ಲಿ ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಗಿನಿಯಿಲಿಯೊಂದನ್ನಿಟ್ಟು, ಕರಗಿದ ನೀರನ್ನು ತೂಗಿದರು. ಪ್ರಾಣಿಯ ಉಸಿರಾಟವು ಒಂದು ಬಗೆಯ ನಿಧಾನವಾದ ದಹನವೆಂಬ ತೀರ್ಮಾನಕ್ಕೆ ಅವರು ಬಂದುದು ಹೀಗೆ. ದಿನಕ್ಕೆ 2000 ಕಿಲೊಕ್ಯಾಲೊರಿಯಷ್ಟು ಆಹಾರವನ್ನು ವ್ಯಯಿಸುವ ಮನುಷ್ಯನ ದೇಹವು ಸರಾಸರಿ 97 ವ್ಯಾಟ್ ಶಕ್ತಿಯನ್ನು ಬಳಸುತ್ತದೆ. ಅದರಲ್ಲಿ ಬಹುಪಾಲು ಕೊನೆಗೆ ಶಾಖವೇ ಆಗುತ್ತದೆ. ದೇಹದ ಒಳಗಿನ ಉಷ್ಣತೆಯು 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಉಳಿಯಬೇಕಾದರೆ ಈ ಶಾಖವೆಲ್ಲ ಹೊರಕ್ಕೆ ಹೋಗಲೇಬೇಕು.

ಮೈಸೂರಿನ ಜನವರಿಯ ಮುಂಜಾನೆ ಗಾಳಿಯ ಉಷ್ಣತೆ 16 ಡಿಗ್ರಿ ಇದ್ದಾಗ ಈ ಕೆಲಸ ಸುಲಭ. ಚರ್ಮದ ಉಷ್ಣತೆ ಸುಮಾರು 33 ಡಿಗ್ರಿ. ಶಾಖವು ತಾನಾಗಿ ಹೊರಕ್ಕೆ ಹರಿಯುತ್ತದೆ. ಏಪ್ರಿಲಿನ ಕಲಬುರಗಿಯಲ್ಲಿ ಗಾಳಿಯೇ 40 ಡಿಗ್ರಿ ಮುಟ್ಟಿದಾಗ ಹರಿವು ತಿರುಗುಮುರುಗಾಗುತ್ತದೆ; ಗಾಳಿಯೇ ದೇಹಕ್ಕೆ ಶಾಖ ಕೊಡತೊಡಗುತ್ತದೆ. ಆಗ ಉಳಿಯುವುದು ಒಂದೇ ದಾರಿ: ಬೆವರು ಆವಿಯಾಗುವುದು. ಮಂಗಳೂರಿನಂಥ ಕಡೆ ಗಾಳಿಯ ತೇವದಿಂದ ಅದಕ್ಕೂ ಅಡ್ಡಿಯುಂಟು.

ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ತರಗತಿಯಲ್ಲಿ ಗುಪ್ತೋಷ್ಣವೆಂದು ಬಾಯಿಪಾಠ ಮಾಡುವುದು ಇದನ್ನೇ. ಈಗ 250 ಗ್ರಾಂ ತಣ್ಣೀರನ್ನು 5 ಡಿಗ್ರಿಯಲ್ಲಿ ಕುಡಿದೆವೆನ್ನೋಣ. ಅದು 37 ಡಿಗ್ರಿಗೆ ಬರುವಾಗ ಹೀರುವ ಶಾಖ 8 ಕಿಲೊಕ್ಯಾಲೊರಿ. ಅದೇ ನೀರು ಬೆವರಾಗಿ ಪೂರ್ತಿ ಆವಿಯಾದರೆ 145 ಕಿಲೊಕ್ಯಾಲೊರಿ! ತಂಪು ನೀರಿನಲ್ಲಿದೆಯೇ ಹೊರತು ಮಂಜುಗಡ್ಡೆಯಲ್ಲಿಲ್ಲ. ಆ ಲೋಟದಲ್ಲಿ ನೀರಿನ ಬದಲು ನೂರಕ್ಕೆ ಹತ್ತು ಪಾಲು ಸಕ್ಕರೆಯುಳ್ಳ ಪಾನೀಯವಿದ್ದರೆ, 8 ಕಿಲೊಕ್ಯಾಲೊರಿಯ ತಂಪಿನೊಡನೆ 100 ಕಿಲೊಕ್ಯಾಲೊರಿಯ ಇಂಧನವೂ ಒಳಗೆ ಸೇರಿತು. ರಾಮನವಮಿಯ ಪಾನಕವೂ ಈ ಲೆಕ್ಕಕ್ಕೆ ಹೊರತಲ್ಲ. ಆದರೆ ಅದನ್ನು ಯಾರೂ ದಿನಕ್ಕೆ ಮೂರು ಸಲ ಕುಡಿಯುವುದಿಲ್ಲ.

ಭಾರಿ ಊಟದ ವಿಷಯವೂ ಹೀಗೆಯೇ. ಉಂಡುದನ್ನು ಅರಗಿಸಿ ಅಣಿಗೊಳಿಸುವುದಕ್ಕೇ ಆಹಾರದ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ಖರ್ಚಾಗಿ ಶಾಖವಾಗುತ್ತದೆ. ಮಧ್ಯಾಹ್ನ ಹೊಟ್ಟೆ ಬಿರಿಯ ಉಂಡು ಸೆಕೆಯೆಂದು ನರಳುವವರು ಇದನ್ನು ನೆನೆಯಬೇಕು. ಮಿಕ್ಕುದೆಲ್ಲ ಶಾಖವಾಗುವುದಿಲ್ಲ, ನಿಜ. ದಿನವಿಡೀ ಪುಸ್ತಕದ ಮುಂದೆ ಕುಳಿತವನಲ್ಲಿ ಅದು ಕೊಬ್ಬಾಗಿ ನಿಲ್ಲುತ್ತದೆ. ಸೂರು, ಕಂಬಳಿ ಇರುವ ನಮ್ಮ ಸೀಮೆಯವರಿಗೆ ಚಳಿಗಾಲದಲ್ಲಿಯೂ ಹೆಚ್ಚಿನ ಊಟದ ಅಗತ್ಯ ಅಷ್ಟಾಗಿ ಇರಲಿಲ್ಲವೆಂದೇ ನನ್ನ ಅಭಿಪ್ರಾಯ.

ನಮ್ಮ ಹಬ್ಬದ ಎಲೆಯ ಮೇಲಿನ ಕೋಸಂಬರಿಯನ್ನು ದಿನದ ಊಟಕ್ಕೆ ತಂದರೆ ಸಾಕು. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ 95 ಪಾಲು ನೀರೇ. ಜೊತೆಗೆ ನೆನೆದ ಹೆಸರುಬೇಳೆ, ಬಳಿಕ ನೀರುಮಜ್ಜಿಗೆ. ಅದು ‘ತಂಪು’, ಇದು ‘ಉಷ್ಣ’ ಎಂಬ ಮನೆಯ ಮಾತಿಗೆ ಉಷ್ಣತಾಮಾಪಕವು ಸಾಕ್ಷಿ ಹೇಳದು. ಆದರೂ ಮಜ್ಜಿಗೆಯ ಮಟ್ಟಿಗೆ ಅಜ್ಜಿಯರ ತೀರ್ಪು ಸರಿಯೇ. ಅದಕ್ಕೆ ಉಪ್ಪು ಚಿಟಿಕೆಯಷ್ಟಿರಲಿ: ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಉಪ್ಪಿನಕಾಯಿ, ಹಪ್ಪಳಗಳಿಂದಲೇ ಅದರಲ್ಲಿ ಎಷ್ಟೋ ಪಾಲು ಸೇರಿಹೋಗಿರುತ್ತದೆ.

ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ ನಮ್ಮ ನಾಡಿನ ಹಳೆಯ ಏರ್ಪಾಡು. ಪರೀಕ್ಷೆಯ ತಿಂಗಳಲ್ಲಿ ಪ್ರತಿಯೊಂದು ಶಾಲೆ ಕಾಲೇಜಿನ ಜಗಲಿಯ ಮೇಲೆಯೂ ಅಂಥದೊಂದು ಇರಬೇಕು. ಮಣ್ಣಿನ ಮಡಕೆಯಾದರೆ ಅದರ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನದು ತಣ್ಣಗಿರುತ್ತದೆ. ಗುಪ್ತೋಷ್ಣದ ಪಾಠಕ್ಕೆ ಬೇರೆ ಉಪಕರಣ ಬೇಡ. ಮಡಕೆಯನ್ನು ತೊಳೆದು, ಕುದಿಸಿ ಆರಿಸಿದ ನೀರನ್ನು ದಿನಾಲೂ ತುಂಬಿಸುವ ಹೊಣೆಯನ್ನು ಮಾತ್ರ ಒಬ್ಬರ ಹೆಸರು ಹೇಳಿ ವಹಿಸಬೇಕು. ಇಂಥ ಏರ್ಪಾಡುಗಳು ಕೆಡುವುದು ಅಲ್ಲಿಯೇ.