ಬಾಟಲಿಯ ನೂಲು ಮತ್ತು ಮನೆಯ ಉಳಿತಾಯ

2023ರ ಫೆಬ್ರವರಿ 8ರಂದು ಪ್ರಧಾನಿ ನರೇಂದ್ರ ಮೋದಿಯವರು ನೀಲಿ ಬಣ್ಣದ ತೋಳಿಲ್ಲದ ಕೋಟೊಂದನ್ನು ತೊಟ್ಟು ಸಂಸತ್ತಿಗೆ ಬಂದುದು ದೇಶದ ಪತ್ರಿಕೆಗಳಿಗೆಲ್ಲ ಸುದ್ದಿಯಾಗಿತ್ತು. ಎರಡು ದಿನ ಮೊದಲು ಬೆಂಗಳೂರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯವರು ಅವರಿಗೆ ನೀಡಿದ್ದ ಆ ಕೋಟು ಕುಡಿದು ಎಸೆದ ಪ್ಲಾಸ್ಟಿಕ್ ಬಾಟಲಿಗಳಿಂದಾದುದು. ಬಟ್ಟೆ ಬಂದುದು ತಿರುಪ್ಪೂರಿನ ಪಕ್ಕದ ಕರೂರಿನ ಶ್ರೀ ರೆಂಗಾ ಪಾಲಿಮರ್ಸ್ ಕಾರ್ಖಾನೆಯಿಂದ. ಇಂಥದೇ ಇನ್ನೊಂದು ಕಂಪನಿ ಹೊಸದಾಗಿ ಏಳುತ್ತಿದೆ, ಆರಂಭದಲ್ಲೇ ಪಾಲು ಹಾಕಿದರೆ ಹತ್ತು ಪಟ್ಟು ಬಂದೀತು ಎಂಬ ಮಾತು ಕೊಯಂಬತ್ತೂರಿನಲ್ಲಿ ಓದುವ, ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಡುಗರ ಮೂಲಕ ಈಗ ನಮ್ಮ ಮನೆಗಳ ಜಗಲಿಗೂ ಬರತೊಡಗಿದೆ. ನಿವೃತ್ತಿಯ ಹಣ, ತೋಟ ಮಾರಿದ ಹಣ ಕೈಯಲ್ಲಿರುವವರು ಕಿವಿಗೊಡುವುದೂ ಸಹಜವೇ. ಆದ್ದರಿಂದ ಈ ಉದ್ಯಮದ ಒಳಗನ್ನು ತುಸು ನೋಡುವುದು ಅಗತ್ಯ.

ಬಾಟಲಿಯಿಂದ ನೂಲು ತೆಗೆಯುವುದು ಹೊಸ ವಿದ್ಯೆಯಲ್ಲ. ಗುಜರಿಯವರಿಂದ ಬಂದ ಬಾಟಲಿಗಳನ್ನು ಬಣ್ಣವಾರು ಬೇರ್ಪಡಿಸಿ, ಚೂರು ಮಾಡಿ, ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆಯುತ್ತಾರೆ. ನೀರಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಬಾಲ್ದಿಯೊಂದರಲ್ಲಿ ಮಕ್ಕಳೇ ಮಾಡಿ ನೋಡಬಹುದಾದ ಪ್ರಯೋಗ. ಬಳಿಕ ಒಣಗಿಸಿ, ಸುಮಾರು 260 ಡಿಗ್ರಿಯ ಮೇಲೆ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆಯಾಗಿ ಹೊರಡಿಸುತ್ತಾರೆ. ಚೆನ್ನಾಗಿ ಒಣಗಿಸದಿದ್ದರೆ ಉಳಿದ ತೇವವು ಅಣುಗಳ ಸರಪಳಿಯನ್ನೇ ಕಡಿಯುತ್ತದೆ, ಎಳೆಗೆ ಬಲವಿರುವುದಿಲ್ಲ. ಪಿ.ವಿ.ಸಿ. ಚೀಟಿಯ ಚೂರು ಸೇರಿಕೊಂಡರೆ ಇಡೀ ಪಾಕ ಹಳದಿಯಾಗುತ್ತದೆ. ಕೊಯಂಬತ್ತೂರು, ತಿರುಪ್ಪೂರು ಜಿಲ್ಲೆಗಳ ಓಪನ್ ಎಂಡ್ ಗಿರಣಿಗಳು ಈ ಎಳೆಯನ್ನೂ ಹತ್ತಿಯ ಕಸರನ್ನೂ ಬೆರೆಸಿ ನೂಲು ಮಾಡುತ್ತವೆ. (ಆ ಸೀಮೆಯಲ್ಲಿ ತಲೆತಲಾಂತರದಿಂದ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರಿದ್ದಾರೆ ಎಂಬುದು ನಮ್ಮವರಲ್ಲಿ ಹಲವರಿಗೆ ತಿಳಿಯದು.)

ಇದರಲ್ಲೊಂದು ನಿಜವಾದ ಉಪಕಾರವೂ ಇದೆ. ಕರಗಿದ ಪಾಕಕ್ಕೇ ಬಣ್ಣ ಬೆರೆಸಬಹುದಾದ್ದರಿಂದ ಬಟ್ಟೆಯನ್ನು ಬಣ್ಣದ ನೀರಿನಲ್ಲಿ ಅದ್ದಬೇಕಾಗಿಲ್ಲ. ತಿರುಪ್ಪೂರಿಗೆ ಇದರ ಬೆಲೆ ಗೊತ್ತು. ನೊಯ್ಯಲ್ ನದಿಗೆ ಬಣ್ಣದ ನೀರು ಹರಿದು, ಬೇಸಾಯಕ್ಕೆಂದು 1992ರಲ್ಲಿ ಕಟ್ಟಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟು ಬೇಸಾಯಕ್ಕೆ ಬಾರದ ಹೊಲಸು ಕೆರೆಯಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಸುಮಾರು 700 ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು.

ಹಾಗಾದರೆ ಈ ಎಳೆಯ ಕಂಪನಿಗಳು ಹೇಳುವ ಹೊಸ ತಂತ್ರಜ್ಞಾನ ಯಾವುದು? ಶುದ್ಧ ಬಾಟಲಿಯ ಮಟ್ಟಿಗೆ ಹೇಳುವಂಥ ಸಮಸ್ಯೆ ಉಳಿದಿಲ್ಲ. ಕಷ್ಟವಿರುವುದು ಹತ್ತಿಯೂ ಪಾಲಿಯೆಸ್ಟರೂ ಬೆರೆತ ಬಟ್ಟೆಯ ತುಂಡುಗಳಲ್ಲಿ, ಪದರ ಪದರವಾಗಿ ಅಂಟಿಸಿದ ಶಾಂಪೂ, ಗುಟ್ಕಾ ಪೊಟ್ಟಣಗಳಲ್ಲಿ. ಇವನ್ನು ರಾಸಾಯನಿಕವಾಗಿ ಬಿಡಿಸಿ ಮತ್ತೆ ಕಚ್ಚಾವಸ್ತುವಾಗಿ ಮಾಡುವ ಪ್ರಯತ್ನ ಜಗತ್ತಿನಾದ್ಯಂತ ನಡೆದಿದೆ. ಪ್ರಯೋಗಶಾಲೆಯಲ್ಲಿ ಅದು ಸಾಧ್ಯವೂ ಹೌದು. ಸ್ವೀಡನ್ನಿನ ರಿನ್ಯೂಸೆಲ್ ಕಂಪನಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಅದು ಪ್ಲಾಸ್ಟಿಕ್ ಅಲ್ಲ, ಹಳೆಯ ಹತ್ತಿ ಬಟ್ಟೆಯಿಂದ ತಿರುಳು ತೆಗೆಯುವ ಕಂಪನಿ. 2012ರಲ್ಲಿ ಹುಟ್ಟಿ, ಎಚ್ ಆಂಡ್ ಎಮ್‌ನಂಥ ದೊಡ್ಡ ಬಟ್ಟೆ ವ್ಯಾಪಾರಿಯನ್ನೇ ಪಾಲುದಾರನಾಗಿ ಪಡೆದು, ವರ್ಷಕ್ಕೆ 60,000 ಟನ್ ಸಾಮರ್ಥ್ಯದ ಕಾರ್ಖಾನೆಯನ್ನು 2022ರಲ್ಲಿ ಆರಂಭಿಸಿತು. 2024ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಯಂತ್ರ ನಡೆಯುತ್ತಿತ್ತು, ಸಾಕಷ್ಟು ಬೇಡಿಕೆ ಬರಲಿಲ್ಲ. ಮುಂದೆ ಬೇರೊಬ್ಬರು ಅದನ್ನು ಕೊಂಡರು, ಹೆಸರು ಬದಲಾಯಿತು. ಮೊದಲ ಷೇರುದಾರರ ಹಣ ಮಾತ್ರ ಹೋಯಿತು.

ನನ್ನ ಅಭಿಪ್ರಾಯದಲ್ಲಿ ಈ ವ್ಯವಹಾರದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಯಂತ್ರದ ಬಗೆಗಲ್ಲ, ದರದ ಬಗೆಗೆ. ಹೊಸ ಪಾಲಿಯೆಸ್ಟರಿನ ಬೆಲೆ ಕಚ್ಚಾ ಎಣ್ಣೆಯ ಬೆಲೆಯೊಡನೆ ಏರಿಳಿಯುತ್ತದೆ. ಎಣ್ಣೆ ಅಗ್ಗವಾದ ದಿನ ಗುಜರಿಯ ನೂಲನ್ನು ಕೇಳುವವರು ಕಡಿಮೆ. ಇನ್ನೊಂದೆಡೆ, ಕೇಂದ್ರ ಸರಕಾರವು 2022ರಲ್ಲಿ ಮಾಡಿದ ನಿಯಮದಂತೆ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ 2025–26ರಿಂದ ಶೇಕಡಾ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕು. ಅಂದರೆ ನೂಲಿನವರು ಕೊಳ್ಳುತ್ತಿದ್ದ ಅದೇ ಹಳೆಯ ಬಾಟಲಿಗೆ ಪಾನೀಯದ ಕಂಪನಿಗಳೂ ಕೈಚಾಚುತ್ತವೆ. ಕೊಳ್ಳುವಲ್ಲಿ ಪೈಪೋಟಿ, ಮಾರುವಲ್ಲಿ ಎಣ್ಣೆಯ ದರ. ಇವೆರಡರ ನಡುವಿನ ಸಂದಿಯಲ್ಲೇ ಲಾಭ ಹುಟ್ಟಬೇಕು. ಮರುಬಳಕೆ ಮಾಡಿದ್ದಕ್ಕೆ ಸಿಗುವ ಪ್ರಮಾಣಪತ್ರಗಳನ್ನು ಮಾರಿ ಆದಾಯ ತೋರಿಸುವವರೂ ಇದ್ದಾರೆ. ಆದರೆ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ನಾಲ್ಕು ಕಂಪನಿಗಳು ಸುಮಾರು 6 ಲಕ್ಷ ಸುಳ್ಳು ಪ್ರಮಾಣಪತ್ರ ಸೃಷ್ಟಿಸಿದ್ದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ 2023ರಲ್ಲಿ ಬಯಲಿಗೆಳೆಯಿತು. ತಿರುಪ್ಪೂರಿನ ಮಟ್ಟಿಗೆ ಇನ್ನೊಂದು ಮಾತು: ಅಲ್ಲಿಯ ಸರಕು ಬಹುಪಾಲು ಹೊರದೇಶಕ್ಕೆ. 2025ರ ಆಗಸ್ಟಿನಲ್ಲಿ ಅಮೆರಿಕ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಆ ಊರು ತತ್ತರಿಸಿತು.

ಕೊಂಗು ನಾಡಿಗೆ ಉಳಿತಾಯದ ಹಣ ಮುಳುಗಿದ ಅನುಭವ ಹೊಸತಲ್ಲ. ಈರೋಡು ಜಿಲ್ಲೆಯ ಪೆರುಂದುರೈಯ ಸುಸಿ ಎಮು ಫಾರ್ಮ್ಸ್ 2012ರಲ್ಲಿ ಕುಸಿಯಿತು. ಹಕ್ಕಿ ಇತ್ತು, ಮೊಟ್ಟೆ ಇತ್ತು, ಮಾಂಸ ಕೊಳ್ಳುವವರಿರಲಿಲ್ಲ. ಹಳಬರಿಗೆ ತಿಂಗಳು ತಿಂಗಳು ಕೊಟ್ಟ ಹಣ ಹೊಸಬರಿಂದ ಬಂದುದು. ತಿರುಪ್ಪೂರಿನದೇ ಪಾಝೀ ಫಾರೆಕ್ಸ್ ಪ್ರಕರಣದಲ್ಲಿ ಮುಳುಗಿದುದು 930 ಕೋಟಿ ರೂಪಾಯಿ. 2009ರಲ್ಲಿ ನಿಂತುಹೋದ ಆ ಕಂಪನಿಯ ಇಬ್ಬರು ನಿರ್ದೇಶಕರಿಗೆ ಕೊಯಂಬತ್ತೂರಿನ ವಿಶೇಷ ನ್ಯಾಯಾಲಯವು 27 ವರ್ಷಗಳ ಸಜೆ ವಿಧಿಸುವಾಗ 2022ನೇ ಇಸವಿ. ಪ್ಲಾಸ್ಟಿಕ್ ಕಂಪನಿಗಳೆಲ್ಲ ಹೀಗೆಯೇ ಎಂದಲ್ಲ. ಪ್ರಾಮಾಣಿಕರೂ ಸೋಲುವ ಉದ್ಯಮವಿದು ಎಂಬುದೇ ವಿಷಯ. ತಮಿಳುನಾಡು ಸರಕಾರದ ಸ್ಟಾರ್ಟಪ್ ಸಂಸ್ಥೆಯೂ ಎಳೆಯ ಕಂಪನಿಗಳಿಗೆ ಹಣ ಕೊಟ್ಟು ಪಾಲು ಪಡೆಯುತ್ತದೆ. ಆದರೆ ಅದು ಹಲವು ಕಂಪನಿಗಳಲ್ಲಿ ಹಂಚಿ ಹಾಕುತ್ತದೆ. ಮೇಷ್ಟರ ಪ್ರಾವಿಡೆಂಟ್ ಫಂಡಿಗೆ ಆ ಅನುಕೂಲವಿಲ್ಲ. ಕ್ಯಾಂಪ್ಕೋಗೆ ಒಯ್ದರೆ ಅಡಿಕೆಗೆ ಅಂದಿನ ದರ ಸಿಗುತ್ತದೆ. ಖಾಸಗಿ ಕಂಪನಿಯ ಷೇರನ್ನು ಮಗಳ ಮದುವೆಯೆಂದು ಮಾರಹೊರಟರೆ ಕೊಳ್ಳುವ ಪೇಟೆಯೇ ಇಲ್ಲ. ಐದು ವರ್ಷ ಮರೆತುಬಿಡಬಹುದಾದ, ಹೋದರೂ ಅನ್ನಕ್ಕೆ ತೊಂದರೆಯಾಗದ ಹಣವಿದ್ದವರ ಮಾತು ಬೇರೆ.

ಹಾಗೆ ಹಾಕಲೇಬೇಕೆಂಬವರಿಗೆ ಕಾನೂನಿನ ಆಸರೆ ಇದೆ. 2013ರ ಕಂಪನಿ ಕಾಯಿದೆಯ 42ನೇ ಕಲಮಿನಂತೆ ಖಾಸಗಿ ಕಂಪನಿಯು ಷೇರಿಗಾಗಿ ಜಾಹೀರಾತು ಕೊಡುವಂತಿಲ್ಲ. ವರ್ಷಕ್ಕೆ 200ಕ್ಕಿಂತ ಹೆಚ್ಚು ಜನರನ್ನು ಆಹ್ವಾನಿಸುವಂತಿಲ್ಲ. ನಿಮ್ಮ ಹೆಸರೂ ಕ್ರಮಸಂಖ್ಯೆಯೂ ಇರುವ ಪತ್ರ ಕೊಡಬೇಕು, ಹಣ ಬ್ಯಾಂಕಿನ ಮೂಲಕವೇ ಹೋಗಬೇಕು. 60 ದಿನಗಳೊಳಗೆ ಷೇರು ಕೊಡದಿದ್ದರೆ ಮುಂದಿನ 15 ದಿನಗಳಲ್ಲಿ ಹಣ ಮರಳಿಸಬೇಕು, ತಪ್ಪಿದರೆ ಶೇಕಡಾ 12ರ ಬಡ್ಡಿ. ಷೇರಿಗೆ ತಿಂಗಳಿಗಿಷ್ಟೆಂದು ಖಚಿತ ಆದಾಯ ಹೇಳಿದರೆ ಅದು ಷೇರಲ್ಲ, ಠೇವಣಿ. ಅನುಮತಿಯಿಲ್ಲದೆ ಅದನ್ನು ಪಡೆಯುವುದನ್ನು 2019ರ ಕಾಯಿದೆ ನಿಷೇಧಿಸಿದೆ.

ನಮ್ಮವರಿಗಿರುವ ವಿಶೇಷ ತೊಡಕು ಭಾಷೆಯದು. ಮಾತುಕತೆ ಮಲಯಾಳದಲ್ಲೋ ತಮಿಳಿನಲ್ಲೋ ನಡೆಯುತ್ತದೆ, ಕರಾರು ಇಂಗ್ಲಿಷಿನಲ್ಲಿರುತ್ತದೆ, ಸಹಿ ಮಾತ್ರ ಕನ್ನಡದಲ್ಲಿ ಬೀಳುತ್ತದೆ. ಸಹಿಗೆ ಮೊದಲು ಕಾಗದವನ್ನು ಮನೆಗೆ ತಂದು, ಪರಿಚಿತ ವಕೀಲರಿಂದಲೋ ಆಡಿಟರರಿಂದಲೋ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಲು ಸಂಕೋಚ ಬೇಡ. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರವನ್ನೂ, ನೂಲು ಕೊಳ್ಳಲು ಒಪ್ಪಿದ ಗಿರಣಿಯ ಆರ್ಡರನ್ನೂ ಕೇಳಬೇಕು. ಕೇಂದ್ರದ ಕಂಪನಿ ವ್ಯವಹಾರಗಳ ಇಲಾಖೆಯಲ್ಲಿ 100 ರೂಪಾಯಿ ಶುಲ್ಕ ಕಟ್ಟಿದರೆ ಯಾವುದೇ ಕಂಪನಿ ಸಲ್ಲಿಸಿದ ಲೆಕ್ಕಪತ್ರ ನೋಡಬಹುದು. ಕಂಪನಿ ಎಳೆಯದಾಗಿ ಲೆಕ್ಕವೇ ಸಲ್ಲಿಕೆಯಾಗಿಲ್ಲವಾದರೆ, ನಿರ್ದೇಶಕರು ಯಾರು, ಬಂಡವಾಳವೆಷ್ಟು, ಆಸ್ತಿಯ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದಾದರೂ ಅಲ್ಲಿ ಸಿಗುತ್ತದೆ.